ನಿನ್ನಪ್ಪ ಕೊಂಡ ಏಳು ಸೀಟಿನ ಗಾಡಿ

ಬಹ್ಲಾ
ಶಾಬಾನ್ ತಿಂಗಳ ಇಪ್ಪತ್ತು, ಮಂಗಳವಾರ

ಪ್ರೀತಿಯ ಮಗಳು ರಯ್ಯಾಳಿಗೆ ಅಮ್ಮನ ಸಲಾಂ, ಮುತ್ತು, ಮತ್ತು ಎಂದಿನಂತೆ ಸ್ವಲ್ಪ ಬೈಗುಳ.

ಹೇಗಿದ್ದೀ ಕಂದಾ? ಆ ಕೆಮ್ಮು ನಿಂತಿತೋ ಇಲ್ಲವೋ? ಮೊನ್ನೆ ಫೋನಿನಲ್ಲಿ "ಚೆನ್ನಾಗಿದ್ದೀನಮ್ಮಾ" ಅನ್ನುವಷ್ಟರಲ್ಲಿ ಎರಡು ಸಲ ಕೆಮ್ಮಿದೆ, ನಾನು ಕೇಳಿಸಿಕೊಂಡೆ. ಸಲಾಲಾದ ತೇವದ ಗಾಳಿ ನಿನಗೆ ಮೊದಲಿನಿಂದಲೂ ಆಗಿಬಂದಿಲ್ಲ. ಜೇನು ಕಳಿಸಿದ್ದೆನಲ್ಲ, ಅದನ್ನು ನೀನು ತಿನ್ನು, ಬಂದವರಿಗೆಲ್ಲ ಹಂಚಿ ಖಾಲಿ ಮಾಡಬೇಡ. ಪುಟ್ಟ ಹಮ್ದಾನನಿಗೆ ಹಲ್ಲು ಬಂತೇ? ಗಾಲಿಯಾ ಈಗಲೂ ತಟ್ಟೆಯ ಮುಂದೆ ಪುಸ್ತಕ ಹಿಡಿದೇ ಕೂರುತ್ತಾಳೆಯೇ? ನಡುವಿನ ಇಬ್ಬರು ತುಂಟರು ಮೆಟ್ಟಿಲ ಕಂಬಿಯ ಮೇಲೆ ಜಾರುವುದನ್ನು ಬಿಟ್ಟರೇ? ಇಲ್ಲಿ ಮಂಡಿಯೊಂದು ಬಿಟ್ಟು ನಾನು ಚೆನ್ನಾಗಿದ್ದೇನೆ. ನಿನ್ನಪ್ಪನೂ ಗಟ್ಟಿಮುಟ್ಟಾಗಿದ್ದಾರೆ. ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ಕೂತು ನನ್ನ ಅಡುಗೆಯಲ್ಲಿ ಕೊಂಕು ಹುಡುಕುವಷ್ಟು ಆರೋಗ್ಯ ದೇವರು ಕೊಟ್ಟಿದ್ದಾನೆ.

ಫೋನಿರುವಾಗ ಈ ಮುದುಕಿ ಯಾಕೆ ಕಾಗದ ಬರೆಯುತ್ತಾಳೆ ಅಂತ ನಗಬೇಡ. ನಿನ್ನ ಫೋನು ಯಾವಾಗಲೂ ಅಡುಗೆಮನೆಯ ಕಟ್ಟೆಯ ಮೇಲೆ ಜೋರಾಗಿ ಕೂಗುತ್ತಿರುತ್ತದೆ, ನಿನ್ನ ಅತ್ತೆ, ನಾದಿನಿಯರು, ಆ ಹೊಸಬಳು, ಎಲ್ಲರೂ ನನ್ನ ಮಾತು ಕೇಳುತ್ತಿರುತ್ತಾರೆ. ಈ ಮಾತು ನಿನ್ನೊಬ್ಬಳಿಗೆ. ಯಾರ ಕೈಯಲ್ಲಿ ಕಳಿಸುವುದೋ ಇನ್ನೂ ಗೊತ್ತಿಲ್ಲ, ಸಲಾಲಾಕ್ಕೆ ಹೋಗುವವರು ಯಾರಾದರೂ ಸಿಗುತ್ತಾರೆ. ಬಕ್ರೀದಿಗೆ ನಾವು ಬಸ್ಸಿನಲ್ಲಿ ಬಂದಿದ್ದೆವಲ್ಲ, ನಿಮ್ಮ ಮನೆಯ ಮೆಟ್ಟಿಲ ಮೇಲೆ ನಾನು ನಿನ್ನ ಕೈ ಹಿಡಿದು ಮನೆಗೆ ಬಂದುಬಿಡು ಅಂದದ್ದು ನೆನಪಿದೆಯೇ? ನಿನ್ನ ಗಂಡ ಅನ್ನಿಸಿಕೊಂಡ ಆ ಮನುಷ್ಯ ಇನ್ನೊಬ್ಬಳನ್ನು ಮದುವೆಯಾಗಿ ಕೆಳಗಿನ ಮನೆಯಲ್ಲಿ ಇಟ್ಟುಕೊಂಡ. ನೀನು ನಾಲ್ಕು ಮಕ್ಕಳ ಜೊತೆ ಮಹಡಿಯ ಒಂದು ಕೋಣೆಯಲ್ಲಿ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಖರ್ಚಿಗೆ ಕೊಡುತ್ತಾನೆ, ಎಲ್ಲಾ ಸರಿ. ಆದರೆ ಮಾತೇ ಆಡುವುದಿಲ್ಲವಲ್ಲ! ಅವನ ಬಗ್ಗೆ ಕೆಟ್ಟದ್ದು ಬರೆಯುವುದಿಲ್ಲ ಅಂತ ನಿನ್ನಪ್ಪನಿಗೆ ಮಾತು ಕೊಟ್ಟಿದ್ದೇನೆ, ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ. ಆವತ್ತು ನೀನು ನಕ್ಕುಬಿಟ್ಟೆ. "ಹೇಗೆ ಬರ್ಲಿ ಅಮ್ಮಾ? ಅಪ್ಪನ ಪಿಕಪ್‌ನಲ್ಲಿ ಇಬ್ಬರಿಗೆ ಜಾಗ. ನನ್ನ ಮಕ್ಕಳನ್ನ ಹಿಂದೆ ಮೇಕೆ ಜೊತೆ ಕಟ್ಟಿ ಹಾಕ್ಲಾ?" ಅಂದೆ. ನಾನೂ ನಕ್ಕೆ. ನಗದೆ ಏನು ಮಾಡಲಿ, ನಿನ್ನ ಕಣ್ಣು ಆಗಲೇ ತುಂಬಿತ್ತು.

ನಿನ್ನಪ್ಪ ಕೆಳಗಿನ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುತ್ತಾ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದರು. ಥುಮ್ರೈತ್ ದಾಟಿದ ಮೇಲೆ ಮರಳುಗಾಡಿನಲ್ಲಿ ಕತ್ತು ಉದ್ದ ಮಾಡಿ ಆಚೆ ನೋಡುತ್ತಲೇ ಕೂತರು. ನಡುದಾರಿಯ ಹೈಮಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗ್ಲಾಸು ಕೈಯಲ್ಲಿ ಹಿಡಿದು ಕೇಳಿದರು: "ಏಳು ಸೀಟಿಂದು ಯಾವ ಗಾಡಿ ಚೆನ್ನಾಗಿರುತ್ತೇ?" ನಾನು, ಬಿಸಿಲಿಗೆ ತಲೆ ತಿರುಗಿತೇನ್ರೀ ಅಂದೆ. "ಅವಳು ಜಾಗ ಇಲ್ಲ ಅಂದ್ಲು. ಇನ್ನೇನೂ ಇಲ್ಲ ಅನ್ಲಿಲ್ಲ," ಅಂದರು. ನೀನು ತಮಾಷೆಗೆ ಅಂದದ್ದೋ, ನನ್ನ ಬಾಯಿ ಮುಚ್ಚಿಸಲು ಅಂದದ್ದೋ, ನನಗೆ ಗೊತ್ತು ಕಂದಾ. ಅವರಿಗೂ ಗೊತ್ತು ಅಂತ ಕಾಣುತ್ತದೆ. ಆದರೆ ಉಳಿದ ಯಾವ ಕಷ್ಟವೂ ತನ್ನ ಕೈಲಿ ರಿಪೇರಿಯಾಗುವಂಥದ್ದಲ್ಲ ಅಂತ ನಿನ್ನಪ್ಪ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು.

ಶುರುವಾಯಿತು ನೋಡು ನನ್ನ ಪಾಡು. ವಾರವಾರವೂ ನಿಜ್ವಾ, ಒಂದೊಂದು ವಾರ ಮಸ್ಕತ್. ಇಡೀ ದೇಶದ ಶೋರೂಮುಗಳ ಕಹ್ವಾ ಕುಡಿದು ನನಗೆ ನಿದ್ದೆಯೇ ಹಾರಿಹೋಯಿತು. ನಿನ್ನ ಸೋದರಮಾವ ಸುಲೈಮಾನ್ ಬೇರೆ, ಕರೆಯದಿದ್ದರೂ ಜೊತೆಗೆ. "ಇಬ್ಬರು ಮುದುಕರಿಗೆ ಏಳು ಸೀಟಾ ಖಲ್ಫಾನ್? ಉಳಿದ ಐದರಲ್ಲಿ ಖರ್ಜೂರದ ಮೂಟೆ ಕೂರಿಸಿ ಬೆಲ್ಟ್ ಹಾಕ್ತೀಯಾ?" ಅಂತ ದಾರಿಯುದ್ದಕ್ಕೂ ಆಡಿಕೊಂಡ. ನಿನ್ನಪ್ಪ ಕಾರಣ ಹೇಳಲಿಲ್ಲ, ನಾನೂ ಹೇಳಲಿಲ್ಲ. ಸುಲೈಮಾನ್‌ಗೆ ಗೊತ್ತಾದರೆ ಸಂಜೆಯೊಳಗೆ ಬಹ್ಲಾ ಕೋಟೆಯ ಗೋಡೆಗೂ ಗೊತ್ತಾಗುತ್ತದೆ. ಅವನ ಪ್ರಕಾರ ಗಾಡಿ ಅಂದರೆ ಜಪಾನಿನದ್ದು, ಉಳಿದದ್ದೆಲ್ಲ ಆಟದ ಸಾಮಾನು. ಸರಿ, ಮೊದಲು ಅಲ್ಲಿಗೇ ಹೋದೆವು. ಸುಳ್ಳು ಯಾಕೆ ಹೇಳಲಿ, ಗಾಡಿ ಗಟ್ಟಿ. ಬಾಗಿಲು ಹಾಕಿದರೆ ಥಪ್ ಅಂತ ತುಂಬಿದ ಸದ್ದು, ಹಳೇ ಕಾಲದ ಮರದ ಬಾಗಿಲಿನ ಹಾಗೆ. ಆದರೆ ಅಲ್ಲಿನ ಹುಡುಗನಿಗೆ ನಾವು ಕಣ್ಣಿಗೇ ಬೀಳಲಿಲ್ಲ. "ಬುಕ್ ಮಾಡಿ ಹೋಗಿ ದೊಡ್ಡಪ್ಪಾ, ರಮದಾನ್ ಕಳೆದು ಹಬ್ಬ ಕಳೆದು ಆಮೇಲೆ ನೋಡೋಣ. ಬಣ್ಣ ಯಾವುದು ಸಿಗುತ್ತೋ ಅದು," ಅಂದ. ವಾರಂಟಿ ಕೇಳಿದ್ದಕ್ಕೆ, ನಮ್ಮ ಗಾಡಿಗೆ ವಾರಂಟಿ ಯಾರು ಕೇಳ್ತಾರೆ ಅಂತ ನಕ್ಕ. ನಿನ್ನಪ್ಪ "ನಾನು ಕೇಳ್ತೀನಪ್ಪಾ" ಅಂದರು. ಅವನು ಆಗಲೇ ಇನ್ನೊಬ್ಬರ ಕಡೆ ತಿರುಗಿದ್ದ.

ಆಮೇಲೆ ಚೀನಾದ್ದು. ಅಯ್ಯೋ ಮಗಳೇ, ಅದು ಗಾಡಿಯೋ ಮದುವೆ ಮಂಟಪವೋ! ಮೇಲಿನ ಮಾಡು ಪೂರ್ತಿ ಗಾಜು, ಎದುರಿಗೆ ನಮ್ಮ ಟೀವಿಯಷ್ಟು ದೊಡ್ಡ ಪರದೆ. ಸೀಟೇ ಬೆನ್ನು ತಿಕ್ಕುತ್ತದೆ. "ಬಿಸಿಲು ಜಾಸ್ತಿ" ಅಂದರೆ ಮಾಡಿಗೆ ಪರದೆ ತಾನೇ ಎಳೆದುಕೊಳ್ಳುತ್ತದೆ, ನಿನ್ನಪ್ಪನಿಗಿಂತ ಹೇಳಿದ ಮಾತು ಕೇಳುತ್ತದೆ. ವಾರಂಟಿ ಎಷ್ಟು ವರ್ಷ ಅಂದರೆ ಅಷ್ಟರಲ್ಲಿ ಹಮ್ದಾನನಿಗೆ ಮೀಸೆ ಬರುತ್ತದೆ. ನಾನು ಮರುಳಾಗಿಬಿಟ್ಟಿದ್ದೆ, ಇದೇ ತಗೊಳ್ಳೋಣ ಅಂದೆ. ನಿನ್ನಪ್ಪ ಹಿಂದಿನ ಬಾಗಿಲು ತೆಗೆದರು, ಹಾಕಿದರು, ಮತ್ತೆ ತೆಗೆದರು. ಅಂಚಿನ ರಬ್ಬರನ್ನು ಉಗುರಲ್ಲಿ ಮೀಟಿದರು, ಒಂದು ಕಡೆ ಎದ್ದು ಬಂತು. ಆಮೇಲೆ ವಾರಂಟಿ ಪುಸ್ತಕ ಓದಿಸಿದರು. ಡಾಂಬರಿಲ್ಲದ ದಾರಿಯಲ್ಲಿ ದಿನಾ ಓಡಿಸಿ ಏನಾದರೂ ಆದರೆ ತಾವು ಹೊಣೆಯಲ್ಲ ಅಂತ ಅದರಲ್ಲಿ ಬರೆದಿತ್ತು. "ನಮ್ಮ ಮನೆಗೆ ಡಾಂಬರೇ ಇಲ್ವಲ್ಲಪ್ಪಾ, ಒಣಗಿದ ಹಳ್ಳದೊಳಗಿಂದ ಮಣ್ಣು ದಾರಿ," ಅಂದೆ. ಹುಡುಗ ಪಾಪ ಒಳ್ಳೆಯವನು, ತಲೆ ಕೆರೆದುಕೊಂಡು "ಹಾಗಾದ್ರೆ ಗಾಡೀನ ಮುಖ್ಯರಸ್ತೇಲೇ ನಿಲ್ಲಿಸಿ ನಡ್ಕೊಂಡು ಹೋಗಿ ಅಮ್ಮಾ" ಅಂದ. ನನ್ನ ಮಂಡಿ ಅವನಿಗೆ ಏನು ಗೊತ್ತು!

ಮೂರನೆಯದು ಕೊರಿಯಾದ್ದು. ಸುಲೈಮಾನ್ ಮೂಗು ಮುರಿದು ಒಳಗೇ ಬರಲಿಲ್ಲ. ಅಲ್ಲಿ ನನ್ನ ಮಾನ ಹೋದ ಕಥೆ ಕೇಳು. ನಿನ್ನಪ್ಪ ಪ್ರತಿ ಶೋರೂಮಿನಲ್ಲೂ ನನ್ನನ್ನು ತೀರಾ ಹಿಂದಿನ ಸೀಟಿಗೆ ಹತ್ತಿಸುತ್ತಿದ್ದರು. ಮಕ್ಕಳು ಕೂರುವ ಜಾಗ, ಅಲ್ಲಿ ಗಾಳಿ ಬರುತ್ತದೋ, ಕಾಲು ಚಾಚಬಹುದೋ, ಗಾಲಿಯಾಳಿಗೆ ಹೊಟ್ಟೆ ತೊಳಸಿದರೆ ಕಿಟಕಿ ಇದೆಯೋ ನೋಡಬೇಕು ಅಂತ. ಹೊರಗೆ ಚಳಿಗಾಲ, ಒಳಗೆ ಎಸಿ ಪೂರ್ತಿ ಹಾಕಿಸಿ, "ಚಳಿ ಆಗ್ತಿದೆಯೇನೇ?" ಅಂತ ಕೇಳುತ್ತಾರೆ. ಹಲ್ಲು ಕಟಕಟ ಅನ್ನುತ್ತಿದೆ, ಸಾಕು ಮಾಡಿ ಅಂದರೆ ಅವರಿಗೆ ಖುಷಿ! ಇಳಿಯಲು ಹೋದರೆ ಮಂಡಿ ಸಿಕ್ಕಿಕೊಂಡಿತು. ಆ ಕಡೆಯಿಂದ ಹುಡುಗ, ಈ ಕಡೆಯಿಂದ ನಿನ್ನಪ್ಪ, ನಡುವೆ ನಾನು. ಹೊರಗೆ ನಿಂತಿದ್ದ ಸುಲೈಮಾನ್ ಗಾಜಿನಾಚೆಯಿಂದ ಹೊಟ್ಟೆ ಹಿಡಿದು ನಗುತ್ತಿದ್ದ. ಆಮೇಲೆ ಆ ಗಾಡಿಯನ್ನು ಓಡಿಸಿ ನೋಡುತ್ತೇವೆ ಅಂತ ನಮ್ಮ ಮಣ್ಣು ದಾರಿಗೇ ತಂದರು, ಮೇಕೆ ಲಾರಿಯ ಹಿಂದೆ ಹಿಂದೆಯೇ ಅದರ ಧೂಳಿನಲ್ಲಿ ಬಿಟ್ಟರು. ನಿಲ್ಲಿಸಿ, ತಲೆಯ ಮೇಲಿನ ಬಿಳಿ ಟೋಪಿ ತೆಗೆದು ಹಿಂದಿನ ಸೀಟು ಒರೆಸಿದರು. ಟೋಪಿ ಬಿಳಿಯಾಗಿಯೇ ಇತ್ತು. ಜಪಾನಿನದ್ದಕ್ಕಿಂತ ತಗಡು ಸ್ವಲ್ಪ ತೆಳು, ಬಾಗಿಲ ಸದ್ದೂ ಅಷ್ಟು ಘನವಿಲ್ಲ, ಆದರೆ ಧೂಳು ಒಳಗೆ ಬರುವುದಿಲ್ಲ. ನಿನ್ನ ಕೆಮ್ಮಿಗೆ ಅದೇ ಮುಖ್ಯ ಅಂದರು.

ಇಷ್ಟಾದರೂ ಮನಸ್ಸು ಗಟ್ಟಿಯಾಗಲಿಲ್ಲ. ಅವರಿಗೆ ಇದ್ದದ್ದು ಒಂದೇ ಭಯ, ಹೈಮಾದ ಆಚೆ, ಈಚೆ ಏನೂ ಇಲ್ಲದ ಕಡೆ ಮಕ್ಕಳನ್ನು ಕೂರಿಸಿಕೊಂಡು ಗಾಡಿ ನಿಂತುಹೋದರೆ ಯಾರು ಬರುತ್ತಾರೆ? ಅದಕ್ಕೆ ಮಾಡಿದ ಕೆಲಸ ಬರೆಯಲು ನನಗೆ ನಾಚಿಕೆ. ಶುಕ್ರವಾರ, ಮಧ್ಯಾಹ್ನದ ಪ್ರಾರ್ಥನೆ ಮುಗಿದು ಊರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ, ನಮ್ಮ ಜಗಲಿಯಲ್ಲಿ ದಿಂಬಿಗೆ ಒರಗಿಕೊಂಡು ಮೂರು ಕಂಪನಿಗೂ ಫೋನು ಮಾಡಿದರು. "ಹೈಮಾ ದಾಟಿ ಗಾಡಿ ನಿಂತಿದೆ ಮಗಾ, ಮಗಳಿದ್ದಾಳೆ, ನಾಲ್ಕು ಮಕ್ಕಳಿದ್ದಾರೆ." ಶುಕ್ರವಾರದ ದಿನ ಇಂಥಾ ಸುಳ್ಳಾ ಅಂತ ನಾನು ಕೈ ಹಿಡಿದು ಜಗ್ಗಿದರೂ ಬಿಡಲಿಲ್ಲ. ಒಂದು ಕಡೆ ಗಂಟೆ ಬಾರಿಸಿ ಬಾರಿಸಿ ತಾನೇ ಸುಮ್ಮನಾಯಿತು. ಇನ್ನೊಂದು ಕಡೆ ಒಬ್ಬ ಹುಡುಗಿ ಬಹಳ ವಿನಯದಿಂದ, ಮುಂದಿನ ಗಾಜಿನ ಕೆಳಗೆ ಕೊರೆದಿರುವ ಗಾಡಿಯ ನಂಬರಿನ ಹದಿನೇಳು ಅಕ್ಷರ ಓದಿ, ಆಮೇಲೆ ಮಾತಾಡೋಣ ಅಂದಳು. ಕೊರಿಯಾದವರ ಹೈಮಾ ವರ್ಕ್‌ಶಾಪಿನಲ್ಲಿ ಎತ್ತಿದವನು ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಾತಾಡಿದ. "ನೀರಿದೆಯಾ ದೊಡ್ಡಪ್ಪಾ? ಕೂಸು ಎಷ್ಟು ಚಿಕ್ಕದು? ರಸ್ತೆ ಕಡೆ ಯಾರನ್ನೂ ಇಳಿಸ್ಬೇಡಿ. ಹೊರಟೆ ನಾನು." ಕೀಲಿ ಗೊಂಚಲಿನ ಸದ್ದು, ಗಾಡಿ ಶುರುವಾದ ಸದ್ದು ಫೋನಿನಲ್ಲೇ ಕೇಳಿಸಿತು. ನಿನ್ನಪ್ಪ ಹೌಹಾರಿ ಎದ್ದು ಕೂತರು. "ಹೊರಡಬೇಡವೋ ಪುಣ್ಯಾತ್ಮಾ! ನಾನು ಬಹ್ಲಾದಲ್ಲಿ ಮನೇಲೇ ಇದ್ದೀನಿ!"

ಅವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ವಯಸ್ಸಾದವರು ಅಂತ ಬಿಟ್ಟಿದ್ದೀನಿ, ಇಲ್ಲದಿದ್ದರೆ ಅಲ್ಲಿಗೇ ಬಂದು ವಿಚಾರಿಸುತ್ತಿದ್ದೆ ಅಂದ. ನಿನ್ನಪ್ಪ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ನಿನ್ನ ವಿಷಯ ಅಷ್ಟನ್ನೂ ಆ ಗುರುತಿಲ್ಲದವನಿಗೆ ಹೇಳಿಬಿಟ್ಟರು. ಸ್ವಂತ ಭಾವನಿಗೆ ಹೇಳದವರು! ಅದನ್ನೆಲ್ಲ ಕೇಳಿ ಅವನು, "ಹೊರಡೋ ದಿನ ಒಂದು ಮಾತು ತಿಳಿಸಿ ದೊಡ್ಡಪ್ಪಾ. ನಾನು ಇಲ್ಲೇ ಇರ್ತೀನಿ," ಅಂದ. ಮಾರನೇ ದಿನವೇ ಹೋಗಿ ಕೊಂಡೆವು. ಬಣ್ಣ ಬೂದಿ. ನನಗೆ ಬಿಳಿ ಬೇಕಿತ್ತು, ನನ್ನ ಮಾತು ಯಾರು ಕೇಳುತ್ತಾರೆ.

ಆಮೇಲಿನ ತಪ್ಪು ನನ್ನದೇ, ಬೈದರೆ ಬೈ. ಗಾಡಿ ಬಂದ ಸಂಜೆ ನಿನ್ನಪ್ಪ ಮಸೀದಿಗೆ ಹೋಗಿದ್ದರು. ನಾನು ಮಣ್ಣಿನ ಧೂಪದಾನಿಯಲ್ಲಿ ಕೆಂಡ ಹಾಕಿ, ಒಳ್ಳೆಯ ಲೋಬಾನ, ಅದರ ಮೇಲೆ ಅತ್ತರು ಹಾಕಿದ ಮರದ ಚಕ್ಕೆ ಸುರಿದು ಗಾಡಿಯೊಳಗಿಟ್ಟೆ. ಬರೀ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹೊಗೆ ಮೂಲೆ ಮೂಲೆಗೂ ಹೋಗಲಿ ಅಂತ ಕಿಟಕಿ ಮುಚ್ಚಿ, ಶೋರೂಮಿನ ಹುಡುಗ ತೋರಿಸಿಕೊಟ್ಟಿದ್ದ ಗುಂಡಿ ಒತ್ತಿ ಎಸಿಯನ್ನೂ ಹಾಕಿಬಿಟ್ಟೆ. ಹೊಗೆಯನ್ನೆಲ್ಲ ಅದು ನುಂಗಿತು ನೋಡು, ಗಟಗಟ ಅಂತ. ಬೆಳಿಗ್ಗೆ ಎಸಿ ಹಾಕಿದರೆ ಗಾಳಿ ಬರುವುದಿಲ್ಲ, ಬಂದದ್ದೂ ಮಸಿ. ಬೆಣ್ಣೆ ಬಣ್ಣದ ಮಾಡು ಹಳದಿಯಾಗಿತ್ತು. ನಿನ್ನಪ್ಪ ನನ್ನ ಮುಖ ನೋಡಿದರು, ನಾನು ಕೋಳಿಗೆ ಕಾಳು ಹಾಕಲು ಹೋದೆ. ನಿಜ್ವಾದ ಸರ್ವಿಸ್‌ಗೆ ಹೋದಾಗ ಅಲ್ಲಿನ ಮೇಲ್ವಿಚಾರಕ ಫಿಲ್ಟರ್ ಕಿತ್ತು ಮೂಸಿ ನೋಡಿ, "ಇದು ವಾರಂಟೀಲಿ ಬರಲ್ಲ ಅಮ್ಮಾ. ಗಾಡಿ ತಪ್ಪಲ್ಲ, ಲೋಬಾನದ್ದು. ನೀವೇ ಮೊದಲನೆಯವರಲ್ಲ ಬಿಡಿ," ಅಂದ. ಗಾಡಿಯೊಳಗೆ ಇಷ್ಟೊಂದು ಹೊಗೆ ಯಾಕೆ ಹಾಕಿದಿರಿ, ಮದುವೆಯೇ ಅಂತಲೂ ಕೇಳಿದ. ಹೌದು ಅನ್ನಬಹುದಿತ್ತು. ಫಿಲ್ಟರಿಗೆ ಎಷ್ಟಾಯಿತಪ್ಪಾ ಅಂತ ಕೇಳಿದೆ.

ರಯ್ಯಾ, ನೀನು ಮದುವೆಯಾಗಿ ಹೊರಟ ದಿನ ಗಾಡಿಗೆ ಧೂಪ ಹಾಕಿ ಕಳಿಸಿದ್ದೆವು. ಓಣಿಯ ತುದಿಯವರೆಗೂ ಪರಿಮಳ ಇತ್ತು, ಹೆಂಗಸರೆಲ್ಲ ಹಾಡಿದ್ದರು. ವಾಪಸ್ ಬರುವ ಹೆಣ್ಣುಮಗಳಿಗೆ ಯಾರೂ ಧೂಪ ಹಾಕುವುದಿಲ್ಲ. ಕತ್ತಲಾದ ಮೇಲೆ, ಯಾರೂ ನೋಡದ ಹಾಗೆ, ತಲೆ ತಗ್ಗಿಸಿ ಬರಬೇಕು ಅಂತ ಯಾರು ಮಾಡಿದರೋ ಕಾಣೆ. ನನ್ನ ಮಗಳು ಹಾಗೆ ಬರಬಾರದು ಅಂತ ನನಗನ್ನಿಸಿತು. ಹಾಡುವವರು ಇರದಿದ್ದರೆ ಇರದೇ ಹೋಗಲಿ, ಗಾಡಿಯಾದರೂ ಘಮಘಮ ಅನ್ನಲಿ. ಅದಕ್ಕೇ ಹಾಕಿದ್ದು. ಇದನ್ನು ಆ ಮೇಲ್ವಿಚಾರಕನಿಗೆ ಹೇಳಲಿಲ್ಲ, ಮನೆಗೆ ಬಂದು ನಿನ್ನಪ್ಪನಿಗೆ ಹೇಳಿದೆ. ಬೈಯಬೇಕು ಅಂತಿದ್ದವರು ಎದ್ದು ಹೋಗಿ ಗಾಡಿಯ ಮಾಡು ಒರೆಸುತ್ತಾ ಕೂತರು. ಈಗ ಎಸಿ ಸರಿಯಾಗಿದೆ, ಹಳದಿ ಪೂರ್ತಿ ಹೋಗಿಲ್ಲ, ಪರಿಮಳವೂ ಹೋಗಿಲ್ಲ.

ಇನ್ನೊಂದು ವಿಷಯ. ನಿನ್ನಪ್ಪ ಕದ್ದುಮುಚ್ಚಿ ಏನೂ ಮಾಡುವವರಲ್ಲ, ನಿನಗೆ ಗೊತ್ತು. ಹೋದ ವಾರ ನಿನ್ನ ಗಂಡನಿಗೆ ತಾವೇ ಫೋನು ಮಾಡಿ, ರಮದಾನ್‌ಗೆ ಮಗಳನ್ನು, ಮೊಮ್ಮಕ್ಕಳನ್ನು ಕರೆಸಿಕೊಳ್ಳಬೇಕು ಅಂತಿದ್ದೇವೆ ಅಂದರು. ಅದಕ್ಕೆ ಅವನು "ಅವಳಿಗೆ ಇಷ್ಟ ಇದ್ರೆ ನಾನು ಅಡ್ಡ ಬರಲ್ಲ ಮಾವ. ಅವಳ ಮುಖ ನೋಡೋಕೆ ನನಗೇ ಆಗ್ತಿಲ್ಲ," ಅಂದನಂತೆ. ಅಷ್ಟು ಹೇಳಿದ್ದಕ್ಕೆ ಅವನ ಮೇಲಿನ ಸಿಟ್ಟು ನನಗೆ ಒಂದು ಚೂರು ಇಳಿಯಿತು. ಒಂದೇ ಚೂರು. ಹಾಗಾಗಿ ಇನ್ನು ಯಾರ ಅಪ್ಪಣೆಗೂ ಕಾಯಬೇಕಿಲ್ಲ, ನಿನ್ನ ಮನಸ್ಸಿನದು ಮಾತ್ರ ಉಳಿದಿದೆ. ರಮದಾನ್‌ಗೆ ಬಾ ಕಂದಾ. ಒಂದು ತಿಂಗಳು ಇರು, ನಿದ್ದೆ ಮಾಡು, ಮಕ್ಕಳನ್ನು ನನ್ನ ಮೇಲೆ ಬಿಡು. ಬರಲು ಮನಸ್ಸಾಗದಿದ್ದರೆ ಅದಕ್ಕೂ ನಾನು ಏನೂ ಅನ್ನುವುದಿಲ್ಲ, ಅಂದರೂ ನಾಲ್ಕು ದಿನ ಅನ್ನುತ್ತೇನೆ ಅಷ್ಟೇ.

ಮಕ್ಕಳ ಹಣೆಗೆ ಒಂದೊಂದು ಮುತ್ತು ಕೊಡು, ಹಮ್ದಾನನಿಗೆ ಎರಡು. ನಿನ್ನ ಅತ್ತೆಗೆ ನನ್ನ ಸಲಾಂ ತಿಳಿಸು, ಆಕೆ ನಿನ್ನನ್ನು ಪ್ರೀತಿಯಿಂದಲೇ ನೋಡಿಕೊಂಡಿದ್ದಾಳೆ. ದೇವರು ನಿನ್ನ ಎದೆಯ ಭಾರ ಇಳಿಸಲಿ, ನಿನ್ನ ಮಕ್ಕಳ ದಾರಿ ಸಲೀಸಾಗಿರಲಿ, ನಿನ್ನ ಮುಖ ನೋಡುವ ಭಾಗ್ಯ ನನಗೆ ಬೇಗ ಸಿಗಲಿ.

ನಿನ್ನನ್ನು ಹೆತ್ತು, ಈಗಲೂ ನಿನಗಾಗಿಯೇ ದಾರಿ ಕಾಯುವ
ಅಮ್ಮ, ಝುವೈನಾ

ತಾ. ಕ.: ಬೇಗ ಬೇಗ ಬರೆಯುತ್ತಿದ್ದೇನೆ, ನಿನ್ನಪ್ಪ ಹೊರಗೆ ಹಾರನ್ ಮೇಲೆ ಹಾರನ್ ಒತ್ತುತ್ತಿದ್ದಾರೆ. ಯಾರ ಕೈಯಲ್ಲಿ ಕಳಿಸುವುದು ಅಂತ ನಾನು ಕೇಳುತ್ತಿದ್ದ ಹಾಗೇ "ನಾನೇ ತಗೊಂಡು ಹೋಗ್ತೀನಿ" ಅಂತ ಹೊರಟುಬಿಟ್ಟರು. ಹೈಮಾದವನಿಗೂ ಆಗಲೇ ಹೇಳಿಯಾಯಿತು. ನೀನು ಇದನ್ನು ಓದುವಾಗ ಅವರು ನಿಮ್ಮ ಬೀದಿಯ ತುದಿಯಲ್ಲಿ ಗಾಡಿಯೊಳಗೆ ಕೂತಿರುತ್ತಾರೆ. ಗಾಲಿಯಾಳ ಕೈಗೆ ಕಾಗದ ಕೊಟ್ಟು ಕಳಿಸುತ್ತಾರೆ, ತಾವು ಬಂದು ಕೇಳುವುದಿಲ್ಲ, ಎದುರಿಗೆ ಕೇಳಿದರೆ ಇಲ್ಲ ಅನ್ನಲು ನಿನಗೆ ಕಷ್ಟವಾಗುತ್ತದೆ ಅಂತ. ನೀನು ಬರದಿದ್ದರೆ ಮಕ್ಕಳಿಗೆ ಸಮುದ್ರದವರೆಗೆ ಒಂದು ಸುತ್ತು ಹೊಡೆಸಿ ವಾಪಸ್ ಬರುತ್ತಾರೆ. ನಾನು ಯಾಕೆ ಬರಲಿಲ್ಲ ಅಂತ ಕೋಪ ಮಾಡಿಕೊಳ್ಳಬೇಡ. ಏಳನೆಯ ಸೀಟು ನನ್ನದೇ ಇತ್ತು. ಆದರೆ ಹಿಂದಿನ ಸೀಟು ಎರಡನ್ನೂ ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಎರಡು ಚೀಲವೂ ಹಿಡಿಯುವುದಿಲ್ಲ, ಇದನ್ನು ಯಾವ ಶೋರೂಮಿನವನೂ ನಮಗೆ ಹೇಳಿರಲಿಲ್ಲ. ನನ್ನ ಸೀಟು ಮಡಚಿ ಕಳಿಸಿದ್ದೇನೆ. ಮೇಲೆ ಒಂದು ತಿಂಗಳು ಅಂತ ಬರೆದೆನಲ್ಲ, ಅದನ್ನು ಹೊಡೆದುಹಾಕು. ಮಕ್ಕಳ ಶಾಲೆ ಪುಸ್ತಕ, ಚಳಿಗಾಲದ ಬಟ್ಟೆ, ನಿನ್ನ ಹೊಲಿಗೆ ಮಿಷನ್ನು, ಎಲ್ಲಾ ತಗೊಂಡು ಬಾ.